ಗ್ರಾಮ ಪಂಚಾಯ್ತಿ ಖರ್ಚಿನ ಲೆಕ್ಕ ಊರಿನೋರೆಲ್ಲ ನೋಡೋ ಹಾಗೆ ಆನ್‌ಲೈನ್‌ಗೆ ಹಾಕೋದು ಹೇಗೆ: ಶುರುವಿಂದ ಕೊನೇವರೆಗೆ ಪೂರ್ತಿ ಗೈಡ್

ಪಂಚಾಯ್ತಿ ಲೆಕ್ಕ ಎಲ್ಲಾ ಆಗ್ಲೇ ಆನ್‌ಲೈನ್ ಇದೆಯಲ್ಲಾ, ಇನ್ನೇನ್ ಹಾಕೋದು ಅಂತ ಈ ವಿಷ್ಯ ತೆಗೆದಾಗಲೆಲ್ಲ ಯಾರಾದ್ರೂ ಕೇಳೇ ಕೇಳ್ತಾರೆ. ಇದೆ, ನಿಜ. ಕೇಂದ್ರ ಸರ್ಕಾರದ ಪಂಚಾಯ್ತಿ ಲೆಕ್ಕದ ಪೋರ್ಟಲ್ ಇ-ಗ್ರಾಮ್ ಸ್ವರಾಜ್‌ನಲ್ಲಿ ವೋಚರ್ (ದುಡ್ಡು ಕೊಟ್ಟಿದ್ದಕ್ಕೆ ಚೀಟಿ) ಇದೆ, ನರೇಗಾ ಸೈಟಲ್ಲಿ ಎನ್‌ಎಂಆರ್ (ಕೂಲಿಯೋರ ಹಾಜರಿ ಪಟ್ಟಿ) ಇದೆ, ರಾಜ್ಯದ ಪಂಚತಂತ್ರ ತಂತ್ರಾಂಶದಲ್ಲಿ ತೆರಿಗೆ ಲೆಕ್ಕ ಇದೆ, ಟೆಂಡರ್ ವಿವರ ರಾಜ್ಯ ಸರ್ಕಾರದ ಖರೀದಿ ಪೋರ್ಟಲ್ ಕೆಪಿಪಿಪಿಯಲ್ಲಿ ಇದೆ. ಆದ್ರೆ ನಮ್ಮ ಬೀದಿ ಚರಂಡಿಗೆ ಎಷ್ಟು ದುಡ್ಡು ಹೋಯ್ತು, ಯಾವ ಅನುದಾನದಿಂದ ಹೋಯ್ತು, ಬಿಲ್ ಯಾರ ಹೆಸರಿಗೆ ಪಾಸಾಯ್ತು ಅನ್ನೋ ಒಂದೇ ಒಂದು ಪ್ರಶ್ನೆಗೆ ಉತ್ತರ ಬೇಕು ಅಂದ್ರೆ ಈ ನಾಲ್ಕೂ ಕಡೆ ಅಲೆದು, ಅರ್ಧ ಇಂಗ್ಲಿಷ್ ಅರ್ಧ ಕೋಡ್ ಇರೋ ಟೇಬಲ್ ಓದಿ, ಕೊನೆಗೆ ಅಳತೆ ಪುಸ್ತಕ (ಆಗಿರೋ ಕೆಲಸದ ಅಳತೆ ಬರೆಯೋ ಪುಸ್ತಕ) ಎಲ್ಲೂ ಹಾಕಿಲ್ಲ ಅಂತ ಗೊತ್ತಾಗಿ ಕೈ ಬಿಡಬೇಕಾಗುತ್ತೆ. ಊರಲ್ಲಿ ಕಣ್ಣಿಗೆ ಕಾಣೋ ಒಂದೊಂದು ಕೆಲಸಕ್ಕೂ ಅದರ ರೂಪಾಯಿ ಲೆಕ್ಕ ಜೋಡಿಸಿ, ಯಾರು ಬೇಕಾದ್ರೂ ಮೊಬೈಲಲ್ಲಿ ನೋಡೋ ಹಾಗೆ ಇಡೋದು, ಈ ಗೈಡಲ್ಲಿ ಹೇಳ್ತಿರೋ ಕೆಲಸ ಇಷ್ಟೇ.

ಇದರ ಹಿಂದೆ ದೊಡ್ಡ ಹೋರಾಟ ಇದೆ. 1994ರ ಡಿಸೆಂಬರಲ್ಲಿ ರಾಜಸ್ಥಾನದ ಕೋಟ್ ಕಿರಾನಾ ಅನ್ನೋ ಹಳ್ಳೀಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನ್‌ನೋರು ಮೊದಲ ಜನ ಸುನವಾಯಿ, ಅಂದ್ರೆ ಜನರ ಮುಂದೆ ವಿಚಾರಣೆ, ಮಾಡಿದ್ರು, ಕಾಮಗಾರಿ ಬಿಲ್ಲು, ಮಸ್ಟರ್ ರೋಲ್ ಎಲ್ಲಾ ಜನರ ಎದುರಿಗೇ ಗಟ್ಟಿಯಾಗಿ ಓದಿದ್ರು. ಕಾಗದದಲ್ಲಿ ಮುಗಿದಿರೋ ಕೆಲಸ ನೆಲದ ಮೇಲೆ ಇದೆಯೋ ಇಲ್ವೋ ಅಂತ ಹೇಳೋಕೆ ಊರಿನೋರಿಗೆ ಯಾವ ಆಡಿಟರೂ ಬೇಕಾಗಲಿಲ್ಲ. 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತ್ರು, ಅಲ್ಲಿಂದ ಬೆಳೀತಾ ಬೆಳೀತಾ 2005ರ ಮಾಹಿತಿ ಹಕ್ಕು (ಆರ್‌ಟಿಐ) ಕಾಯ್ದೆ ಬಂತು. 2019ರ ಸೆಪ್ಟೆಂಬರಲ್ಲಿ ರಾಜಸ್ಥಾನ ಸರ್ಕಾರ ಯೋಜನೆಗಳ ಮಾಹಿತಿ ಯಾರೂ ಕೇಳದೇನೇ ಸಿಗೋ ಜನ ಸೂಚನಾ ಪೋರ್ಟಲ್ ಮಾಡ್ತು, ಆಮೇಲೆ ಅದೇ ದಾರೀಲಿ ನಮ್ಮ ಕರ್ನಾಟಕದಲ್ಲಿ ಮಾಹಿತಿ ಕಣಜ ಪೋರ್ಟಲ್ ಬಂತು.

ಒಂದು ಮಾತು ಮೊದಲೇ ತಲೇಲಿ ಇಟ್ಕೊಳಿ. ಆರ್‌ಟಿಐ ಕಾಯ್ದೆಯ 4(1)(ಬಿ) ಅಡಿ ಪ್ರತಿ ಸರ್ಕಾರಿ ಸಂಸ್ಥೆ 17 ಬಗೆಯ ಮಾಹಿತಿನ ಯಾರೂ ಕೇಳದೇನೇ ತಾನಾಗಿ ಪ್ರಕಟಿಸ್ಬೇಕು, ಅದರಲ್ಲಿ ಬಜೆಟ್ಟು, ಯೋಜನೆಗಳು, ಆಗಬೇಕಿರೋ ಖರ್ಚು, ಬಟವಾಡೆ ಆಗಿರೋ ದುಡ್ಡು ಎಲ್ಲಾ ಸೇರುತ್ತೆ. ಹಾಗಾಗಿ ನೀವು ಪಂಚಾಯ್ತಿಗೆ ಹೋಗಿ ಲೆಕ್ಕ ಕೇಳಿದ್ರೆ ಯಾರ ಹತ್ರಾನೂ ಉಪಕಾರ ಕೇಳ್ತಿಲ್ಲ, ಅವರು ಮಾಡಲೇಬೇಕಾಗಿರೋ ಕೆಲಸಕ್ಕೆ ಕೈ ಜೋಡಿಸ್ತಿದೀರಿ ಅಷ್ಟೇ, ಮಾತಾಡೋವಾಗ ಇದೇ ಧಾಟಿ ಇರಲಿ.

ಹಂತ 1: ಚಿಕ್ಕದಾಗಿ ಶುರು ಮಾಡಿ

ಒಂದು ಪಂಚಾಯ್ತಿ, ಮುಗಿದಿರೋ ಒಂದು ಆರ್ಥಿಕ ವರ್ಷ, ಒಂದು ಅನುದಾನ. ಇಷ್ಟೇ ತಗೊಳಿ. ಹತ್ತು ವರ್ಷದ ಲೆಕ್ಕ ತೆಗೀತೀವಿ ಅಂತ ಹೊರಟ ಗುಂಪುಗಳು ಕಾಗದದ ರಾಶಿ ಮುಂದೆ ಕೂತು ಸುಸ್ತಾಗಿ ನಿಂತೋಗ್ತಾವೆ. ನನ್ನ ಸಲಹೆ 15ನೇ ಹಣಕಾಸು ಆಯೋಗದ ಅನುದಾನದಿಂದ ಶುರು ಮಾಡಿ, ಯಾಕಂದ್ರೆ ಅದರ ಪೇಮೆಂಟ್ ಇ-ಗ್ರಾಮ್ ಸ್ವರಾಜ್ ಮೂಲಕಾನೇ ಆಗೋದ್ರಿಂದ ಅರ್ಧ ಕೆಲಸ ಆಗ್ಲೇ ಆಗಿರುತ್ತೆ. ಇದು 2021-22ರಿಂದ 2025-26ರವರೆಗಿನ ಅನುದಾನ, 40% ಮುಕ್ತ ಅನುದಾನ, ಉಳಿದ 60% ನಿರ್ಬಂಧಿತ, ಅಂದ್ರೆ ಆ 60%ರಲ್ಲಿ ಕುಡಿಯೋ ನೀರಿಗೆ ಅರ್ಧ, ನೈರ್ಮಲ್ಯಕ್ಕೆ ಅರ್ಧ. ಈ ಭಾಗ ನೆನಪಲ್ಲಿದ್ರೆ ನೈರ್ಮಲ್ಯದ ದುಡ್ಡಲ್ಲಿ ಬೇರೆ ಏನಾದ್ರೂ ಖರ್ಚಾಗಿದ್ರೆ ಪಟ್ ಅಂತ ಕಣ್ಣಿಗೆ ಬೀಳುತ್ತೆ.

ಜೊತೆಗೆ ಎರಡು ಮೂರು ಜನ ಇರಲಿ. ಊರಿನ ಕೆಲಸ ಗೊತ್ತಿರೋರು ಒಬ್ಬರು, ಎಕ್ಸೆಲ್ ಗೊತ್ತಿರೋರು ಒಬ್ಬರು, ಸ್ವಸಹಾಯ ಸಂಘದ ಹೆಣ್ಮಕ್ಕಳು ಒಬ್ಬರಾದ್ರೂ ಇರಲೇಬೇಕು, ನೀರು ಯಾವ ಬೀದಿಗೆ ಬರುತ್ತೆ ಯಾವ ಬೀದಿಗೆ ಬರಲ್ಲ ಅನ್ನೋದು ಅವರಿಗೆ ಗೊತ್ತಿರೋಷ್ಟು ಇನ್ಯಾರಿಗೂ ಗೊತ್ತಿರಲ್ಲ. ಕಂಪ್ಯೂಟರ್ ಇಲ್ಲ ಅಂದ್ರೆ ಪಂಚಾಯ್ತಿ ಗ್ರಂಥಾಲಯದ ಅರಿವು ಕೇಂದ್ರದಲ್ಲಿ ಕೇಳಿ ನೋಡಿ.

ಹಂತ 2: ಆಗ್ಲೇ ಆನ್‌ಲೈನ್ ಇರೋದನ್ನ ಇಳಿಸ್ಕೊಳಿ

ಆರ್‌ಟಿಐ ಹಾಕೋಕೆ ಮುಂಚೆ ಇದನ್ನ ಮಾಡ್ಲೇಬೇಕು. ಇ-ಗ್ರಾಮ್ ಸ್ವರಾಜ್‌ಗೆ ಲಾಗಿನ್ ಬೇಕಾಗಿಲ್ಲ, ರಿಪೋರ್ಟ್ ವಿಭಾಗಕ್ಕೆ ಹೋಗಿ ವರ್ಷ, ರಾಜ್ಯ, ಜಿಲ್ಲೆ, ತಾಲೂಕು, ಪಂಚಾಯ್ತಿ ಅಂತ ಇಳೀತಾ ಹೋಗಿ. ನಿಮಗೆ ಬೇಕಾಗಿರೋದು ಮುಖ್ಯವಾಗಿ ಎರಡು: ಅನುಮೋದನೆ ಆಗಿರೋ ಕ್ರಿಯಾ ಯೋಜನೆ, ಆಮೇಲೆ ಪಾವತಿ ವೋಚರ್‌ಗಳ ಪಟ್ಟಿ. ಪ್ರತಿ ಪೇಜನ್ನೂ ಪಿಡಿಎಫ್ ಮಾಡಿ ಸೇವ್ ಮಾಡಿ, ಯಾವ ತಾರೀಖು ಇಳಿಸಿದ್ದು ಅಂತ ಫೈಲ್ ಹೆಸರಲ್ಲೇ ಬರೀರಿ. ಪೋರ್ಟಲ್‌ನಲ್ಲಿ ಅಂಕಿ ಆಮೇಲೆ ಬದಲಾಗಬಹುದು, ಲಿಂಕ್ ಸತ್ತೋಗಬಹುದು, ಆಗ ನಿಮ್ಮ ಹತ್ರ ಇರೋ ಕಾಪಿನೇ ದಾಖಲೆ.

ನರೇಗಾ ಸೈಟಲ್ಲೂ ಇದೇ ತರ ಕರ್ನಾಟಕ, ಜಿಲ್ಲೆ, ತಾಲೂಕು, ಪಂಚಾಯ್ತಿ ಅಂತ ಹೋದ್ರೆ ಕಾಮಗಾರಿ ಪಟ್ಟಿ, ಎನ್‌ಎಂಆರ್, ಎಫ್‌ಟಿಒ (ಖಾತೆಗೆ ದುಡ್ಡು ಹಾಕೋ ಆದೇಶ), ಸಾಮಗ್ರಿ ಸಪ್ಲೈ ಮಾಡಿದೋರ ಬಿಲ್ ಸಿಗುತ್ತೆ. ಹಳೇ ವರ್ಷಗಳದ್ದು ಮೊದಲು ಇಳಿಸಿಟ್ಕೊಳಿ. ಕಾಮಗಾರಿ ಕೋಡ್ ಇರುತ್ತಲ್ಲ, ಆ ಉದ್ದದ ನಂಬರ್ರು, ಅದನ್ನ ಒಂದಂಕಿನೂ ತಪ್ಪದೆ ಕಾಪಿ ಮಾಡ್ಕೊಳಿ, ಮುಂದೆ ಎಲ್ಲಾನೂ ಜೋಡಿಸೋದು ಅದರಿಂದಲೇ.

ಇನ್ನೊಂದು, ಊರಲ್ಲಿ ಆಗಿರೋ ಎಲ್ಲಾ ಕೆಲಸಾನೂ ಪಂಚಾಯ್ತಿದಲ್ಲ. ಜಲ ಜೀವನ್ ಮಿಷನ್ ಪೈಪ್‌ಲೈನ್ ಮಾಡೋದು ಗ್ರಾಮೀಣ ಕುಡಿಯುವ ನೀರು ಇಲಾಖೆ, ದೊಡ್ಡ ರಸ್ತೆ ಪಿಡಬ್ಲ್ಯುಡಿದು, ಶಾಸಕರ ನಿಧಿ ಸಂಸದರ ನಿಧಿ ಕೆಲಸ ಜಿಲ್ಲಾಧಿಕಾರಿ ಕಚೇರಿ ಮೂಲಕ ಬೇರೆ ಏಜೆನ್ಸಿಗೆ ಹೋಗುತ್ತೆ, ಸರ್ಕಾರದ ನಿರ್ಮಾಣ ಸಂಸ್ಥೆ ಕೆಆರ್‌ಐಡಿಎಲ್ ಮಾಡಿರೋ ಸಮುದಾಯ ಭವನದ ಫೈಲು ಪಂಚಾಯ್ತೀಲಿ ಇರೋದೇ ಇಲ್ಲ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಹತ್ರ ಇಲ್ದೇ ಇರೋ ಫೈಲಿಗೆ ಪಿಡಿಒನ ಬೈದ್ರೆ ಉಪಯೋಗ ಇಲ್ಲ, ಅದನ್ನ ಬೇರೆ ಪಟ್ಟಿ ಮಾಡಿಡಿ, ಎರಡನೇ ಸುತ್ತಲ್ಲಿ ನೋಡೋಣ.

ಹಂತ 3: ಉಳಿದಿದ್ದಕ್ಕೆ ಕೇಳಿ, ನೋಡಿ, ಆಮೇಲೆ ಕಾಪಿ ತಗೊಳಿ

ಮೊದಲು ಬಾಯ್ಮಾತಲ್ಲಿ ಕೇಳಿ. ನಾವು ಈ ವರ್ಷದ ಈ ಅನುದಾನದ ಲೆಕ್ಕ ಊರಿನೋರಿಗೆ ತೋರ್ಸೋಕೆ ಅಂತ ಜೋಡಿಸ್ತಿದೀವಿ ಸಾರ್, ಈ ಈ ಕಾಗದ ಬೇಕು ಅಂತ ಪಟ್ಟಿ ಕೊಡಿ. ಎಷ್ಟೋ ಕಡೆ ಇಷ್ಟಕ್ಕೇ ಕೊಡ್ತಾರೆ. ಕೊಡಲ್ಲ, ನಾಳೆ ಬನ್ನಿ ಅಂದ್ರೆ ಆರ್‌ಟಿಐ.

ಕರ್ನಾಟಕದ ನಿಯಮದ ಪ್ರಕಾರ ನಮೂನೆ 'ಎ'ನಲ್ಲಿ ಬರೀಬೇಕು, ಫೀಸು 10 ರೂಪಾಯಿ, ಬಿಪಿಎಲ್ ಆದ್ರೆ ಫೀಸಿಲ್ಲ. ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಎಷ್ಟೋ ಅರ್ಜಿ ರಿಜೆಕ್ಟ್ ಆಗೋದು ಇದೊಂದೇ ಕಾರಣಕ್ಕೆ. ಗ್ರಾಮ ಪಂಚಾಯ್ತೀಲಿ ಮಾಹಿತಿ ಅಧಿಕಾರಿ ಪಿಡಿಒ. ಹೀಗೆ ಬರೀಬಹುದು:

"2023-24ನೇ ಆರ್ಥಿಕ ಸಾಲಿನಲ್ಲಿ ತಮ್ಮ ಗ್ರಾಮ ಪಂಚಾಯಿತಿಯು 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಕೈಗೊಂಡ ಎಲ್ಲಾ ಕಾಮಗಾರಿಗಳ ಕ್ರಿಯಾ ಯೋಜನೆ, ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಸಂಬಂಧಿತ ಪುಟಗಳು, ಬಿಲ್ಲುಗಳು ಹಾಗೂ ಪಾವತಿ ವೋಚರ್‌ಗಳನ್ನು ಖುದ್ದಾಗಿ ಪರಿಶೀಲಿಸಲು ದಿನಾಂಕ ನಿಗದಿಪಡಿಸಿ, ನಂತರ ನಾನು ಗುರುತಿಸುವ ಪುಟಗಳ ದೃಢೀಕೃತ ಪ್ರತಿಗಳನ್ನು ಒದಗಿಸಬೇಕಾಗಿ ಕೋರುತ್ತೇನೆ. ಗಣಕೀಕೃತ ರೂಪದಲ್ಲಿ ಲಭ್ಯವಿರುವ ಮಾಹಿತಿಯನ್ನು ಅದೇ ರೂಪದಲ್ಲಿ ನೀಡಬೇಕು."

ಇಲ್ಲಿ ಮುಖ್ಯವಾದ್ದು ಪರಿಶೀಲನೆ. ಕಡತ ನೋಡೋ ಹಕ್ಕು ಕಾಯ್ದೆಯ 2(ಜೆ)ನಲ್ಲೇ ಇದೆ. ಸೀದಾ ಎಲ್ಲಾ ಕಾಪಿ ಕೊಡಿ ಅಂದ್ರೆ ಪುಟಕ್ಕೆ 2 ರೂಪಾಯಿ ಲೆಕ್ಕದಲ್ಲಿ ಸಾವಿರಾರು ರೂಪಾಯಿ ಕಟ್ಟಿ ಅಂತ ಪತ್ರ ಬರುತ್ತೆ, ಅದರಲ್ಲಿ ಅರ್ಧ ನಿಮಗೆ ಬೇಡದ ಪತ್ರ ವ್ಯವಹಾರ. ಕೂತು ನೋಡಿ ಬೇಕಾದ ಪುಟಕ್ಕೆ ಚೀಟಿ ಇಟ್ರೆ ದುಡ್ಡೂ ಉಳಿಯುತ್ತೆ, ಆಫೀಸಿನೋರಿಗೂ ಕೆಲಸ ಕಮ್ಮಿ.

30 ದಿನದೊಳಗೆ ಉತ್ತರ ಬರಬೇಕು. ಬರದೇ ಇದ್ರೆ ಅಥವಾ ಅರ್ಧಂಬರ್ಧ ಕೊಟ್ರೆ 30 ದಿನದೊಳಗೆ ತಾಲೂಕು ಪಂಚಾಯ್ತಿ ಕಾರ್ಯನಿರ್ವಾಹಕ ಅಧಿಕಾರಿಗೆ (ಇಒ) ಮೊದಲನೇ ಮೇಲ್ಮನವಿ, ಅಲ್ಲೂ ಆಗ್ಲಿಲ್ಲ ಅಂದ್ರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇದು. ಗಡುವು ಮೀರಿ ಕೊಟ್ರೆ 7(6) ಪ್ರಕಾರ ಮಾಹಿತಿನ ಫ್ರೀಯಾಗಿ ಕೊಡಬೇಕು, ಇದನ್ನ ಮೇಲ್ಮನವೀಲಿ ಬರೆಯೋಕೆ ಮರೀಬೇಡಿ. ಆಯೋಗಕ್ಕೆ ಹೋದ್ರೆ ತುಂಬಾ ಕಾಲ ಹಿಡಿಯುತ್ತೆ, ಅದಕ್ಕೇ ಕಾಯ್ತಾ ಕೂರಬೇಡಿ, ಸಿಕ್ಕಿರೋದ್ರಿಂದಲೇ ಮುಂದಕ್ಕೆ ಹೋಗಿ.

ಆಗಸ್ಟ್ ಸೆಪ್ಟೆಂಬರ್ ಹೊತ್ತಿಗೆ ಪಂಚಾಯ್ತೀಲಿ ಜಮಾಬಂದಿ ಇರುತ್ತೆ, ಹಿಂದಿನ ವರ್ಷದ ಲೆಕ್ಕ, ಕಾಮಗಾರಿ ಎಲ್ಲಾ ಜನರ ಮುಂದೆ ತಪಾಸಣೆ ಆಗಬೇಕಾದ ದಿನ. ಸುಮ್ನೆ ಹೋಗಿ ಕೂತು ನೋಟ್ ಮಾಡ್ಕೊಂಡ್ರೂ ಎಷ್ಟೋ ಸಿಗುತ್ತೆ. ನರೇಗಾಕ್ಕೆ ಅಂತ ಸಾಮಾಜಿಕ ಪರಿಶೋಧನೆ ಬೇರೆ ಇತ್ತು, ಅದರ ವರದಿಗಳನ್ನೂ ಕೇಳಿ ತಗೊಳಿ.

ಹಂತ 4: ಸ್ಕ್ಯಾನ್, ಆಮೇಲೆ ನುಡಿ ತಲೆನೋವು

ಸ್ಕ್ಯಾನರ್ ಬೇಕಿಲ್ಲ, ಮೊಬೈಲ್ ಸ್ಕ್ಯಾನ್ ಆಪ್ ಸಾಕು, ಬೆಳಕು ಚೆನ್ನಾಗಿರೋ ಕಿಟಕಿ ಹತ್ರ ಇಟ್ಟು ತೆಗೀರಿ. ಒಂದು ಕಾಮಗಾರಿಗೆ ಒಂದು ಫೋಲ್ಡರ್, ಫೋಲ್ಡರ್ ಹೆಸರು ಕಾಮಗಾರಿ ಕೋಡ್. ಒಳಗಡೆ ಅಂದಾಜು ಪಟ್ಟಿ, ಅಳತೆ, ಬಿಲ್, ವೋಚರ್ ಅಂತ ಒಂದೊಂದು ಫೈಲ್.

ಈಗ ಕನ್ನಡದ ಸಮಸ್ಯೆ. ಆಫೀಸಲ್ಲಿ ಟೈಪ್ ಆಗಿರೋ ಹಳೇ ವರ್ಡ್, ಎಕ್ಸೆಲ್ ಫೈಲ್‌ಗಳು ಬಹಳಷ್ಟು ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಆಸ್ಕಿ ಫಾಂಟಲ್ಲಿ ಇರುತ್ತೆ, ಅವರ ಕಂಪ್ಯೂಟರಲ್ಲಿ ಚೆನ್ನಾಗೇ ಕಾಣುತ್ತೆ, ನೀವು ಕಾಪಿ ಮಾಡಿ ಗೂಗಲ್ ಶೀಟ್‌ಗೆ ಹಾಕಿದ ಕೂಡಲೇ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತೆ. ಫೈಲ್ ಕೆಟ್ಟೋಗಿದೆ ಅಂತ ಬಿಸಾಕಬೇಡಿ, ಆಸ್ಕಿಯಿಂದ ಯೂನಿಕೋಡ್‌ಗೆ (ಎಲ್ಲಾ ಕಂಪ್ಯೂಟರ್, ಮೊಬೈಲಲ್ಲೂ ಒಂದೇ ತರ ಕಾಣೋ ಅಕ್ಷರ) ಬದಲಾಯಿಸೋ ಕನ್ವರ್ಟರ್‌ಗಳು ಫ್ರೀಯಾಗಿ ಸಿಗ್ತಾವೆ, ನುಡಿ ತಂತ್ರಾಂಶದ ಜೊತೇಲೇ ಒಂದಿದೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರ ಇರೋ ಪದಗಳನ್ನ ಕಣ್ಣಾರೆ ಓದಿ ಸರಿ ಮಾಡಿ. ಇಂಗ್ಲಿಷ್ ಅಂಕಿಗಳು ಮಧ್ಯೆ ಸೇರ್ಕೊಂಡಿದ್ರೆ ಕನ್ವರ್ಟರ್ ಕೆಲವು ಸಲ ಅವನ್ನ ಕನ್ನಡ ಅಂಕಿ ಮಾಡ್ಬಿಡುತ್ತೆ, ಆಮೇಲೆ ಶೀಟಲ್ಲಿ ಮೊತ್ತ ಕೂಡೋಕೆ ಹೋದ್ರೆ ಸೊನ್ನೆ ಬರುತ್ತೆ, ಅದನ್ನೂ ನೋಡ್ಕೊಳಿ. ಯೂನಿಕೋಡ್ ಆಗದೇ ಇರೋ ಕನ್ನಡನ ಯಾರೂ ಹುಡುಕೋಕೆ ಆಗಲ್ಲ, ಹುಡುಕೋಕೆ ಆಗದ ದಾಖಲೆ ಆನ್‌ಲೈನ್ ಇದ್ರೂ ಬೀರುವಲ್ಲಿ ಇದ್ದ ಹಾಗೇ. ಸ್ಕ್ಯಾನ್ ಆಗಿರೋ ಪುಟಕ್ಕೆ ಗೂಗಲ್ ಡಾಕ್ಸ್ ಅಥವಾ ಟೆಸರಾಕ್ಟ್‌ನ ಕನ್ನಡ ಒಸಿಆರ್ (ಚಿತ್ರದಿಂದ ಅಕ್ಷರ ಓದೋ ತಂತ್ರಾಂಶ) ನೋಡಬಹುದು, ಪ್ರಿಂಟ್ ಅಕ್ಷರಕ್ಕೆ ಪರವಾಗಿಲ್ಲ, ಕೈಬರಹದ ಎಂ-ಬುಕ್‌ಗೆ, ಅಂದ್ರೆ ಅಳತೆ ಪುಸ್ತಕಕ್ಕೆ, ಆಗಲ್ಲ, ಅದನ್ನ ಕೂತು ಟೈಪ್ ಮಾಡೋದೇ.

ಹಂತ 5: ಶೀಟ್ ಮಾಡೋದು, ಇದೇ ಅಸಲಿ ಕೆಲಸ

ಒಂದೇ ಶೀಟಲ್ಲಿ ಎಲ್ಲಾ ತುರುಕಬೇಡಿ, ಎರಡು ಮಾಡಿ. ಮೊದಲನೇದು ಕಾಮಗಾರಿ ಶೀಟ್, ಒಂದು ಕಾಮಗಾರಿಗೆ ಒಂದೇ ಸಾಲು. ಅದರಲ್ಲಿ ವರ್ಷ, ಪಂಚಾಯ್ತಿಯ ಎಲ್‌ಜಿಡಿ ಕೋಡ್ (ಸರ್ಕಾರ ಪ್ರತಿ ಪಂಚಾಯ್ತಿಗೂ ಕೊಟ್ಟಿರೋ ನಂಬರ್), ಗ್ರಾಮ, ವಾರ್ಡ್, ಕಾಮಗಾರಿ ಕೋಡ್, ದಾಖಲೇಲಿ ಇರೋ ಹೆಸರು, ಊರಿನೋರು ಕರೆಯೋ ಜಾಗದ ಹೆಸರು, ಅನುದಾನ, ಕ್ರಿಯಾ ಯೋಜನೆ ಮೊತ್ತ, ಅಂದಾಜು ಮೊತ್ತ, ಒಟ್ಟು ಬಿಲ್, ಸ್ಥಿತಿ, ದಾಖಲೆ ಲಿಂಕ್ ಇರಲಿ. ಎರಡನೇದು ವೋಚರ್ ಶೀಟ್, ಒಂದು ವೋಚರ್‌ಗೆ ಒಂದು ಸಾಲು, ಯಾಕಂದ್ರೆ ಒಂದೇ ಕೆಲಸಕ್ಕೆ ಪಾರ್ಟ್ ಬಿಲ್, ಫೈನಲ್ ಬಿಲ್ ಅಂತ ಎರಡು ಮೂರು ಸಲ ದುಡ್ಡು ಹೋಗಿರುತ್ತೆ. ಇಲ್ಲಿ ವೋಚರ್ ನಂಬರ್, ತಾರೀಖು, ಯಾರಿಗೆ, ಬಿಲ್ ಮೊತ್ತ, ಕಡಿತ, ಕೈಗೆ ಹೋದ ಮೊತ್ತ, ಮತ್ತೆ ಅದೇ ಕಾಮಗಾರಿ ಕೋಡ್. ಎರಡೂ ಶೀಟ್‌ನ ಕೂಡಿಸೋದು ಆ ಕೋಡ್.

ಜಾಗದ ಹೆಸರಿನ ಕಾಲಂ ಬಿಡಲೇಬೇಡಿ. ದಾಖಲೇಲಿ "ಗ್ರಾಮದ ಮುಖ್ಯ ರಸ್ತೆಯಿಂದ ಸರ್ಕಾರಿ ಶಾಲೆಯವರೆಗೆ ಬಾಕ್ಸ್ ಚರಂಡಿ ನಿರ್ಮಾಣ" ಅಂತ ಇರುತ್ತೆ, ಊರಲ್ಲಿ ಅದನ್ನ ಎಲ್ಲರೂ ಮಾರಮ್ಮನ ಗುಡಿ ಓಣಿ ಅಂತಾರೆ. ಜನ ಹುಡುಕೋದು ಎರಡನೇ ಹೆಸರನ್ನ.

ಮೊತ್ತ ರೂಪಾಯಲ್ಲೇ ಇರಲಿ, ಒಂದು ಕಡೆ ಲಕ್ಷ ಒಂದು ಕಡೆ ರೂಪಾಯಿ ಬೇಡ, ಸೆಲ್ ಒಳಗೆ ಕಾಮಾ, ರೂ ಚಿಹ್ನೆ ಟೈಪ್ ಮಾಡಬೇಡಿ. ತಾರೀಖು 2024-03-31 ಈ ತರ ವರ್ಷ, ತಿಂಗಳು, ದಿನ ಅಂತ ಬರೀರಿ, ಇಲ್ದಿದ್ರೆ ಎಕ್ಸೆಲ್ ಅಮೆರಿಕಾ ರೀತೀಲಿ ಓದಿ 05-03ನ ಮೇ ತಿಂಗಳು ಮಾಡಿ ಕೂರಿಸುತ್ತೆ. ಸೆಲ್ ಮರ್ಜ್ ಮಾಡಬೇಡಿ. ಬಣ್ಣ ಹಚ್ಚಿ ಅರ್ಥ ಹೇಳೋಕೆ ಹೋಗಬೇಡಿ, ಸಿಎಸ್‌ವಿ (ಬರೀ ಅಕ್ಷರ, ಅಂಕಿ ಇರೋ ಸರಳ ಫೈಲ್) ಮಾಡಿದ ತಕ್ಷಣ ಬಣ್ಣ ಹೋಗುತ್ತೆ. ದಾಖಲೆ ಸಿಗದ ಕಡೆ ಖಾಲಿ ಬಿಡಿ, ಸೊನ್ನೆ ಹಾಕಬೇಡಿ, ಸೊನ್ನೆ ಅಂದ್ರೆ ಖರ್ಚೇ ಆಗಿಲ್ಲ ಅಂತ ಅರ್ಥ ಆಗುತ್ತೆ.

ಇಲ್ಲಿ ಹೆಚ್ಚು ಜನ ಎಡವೋದು ಕಡಿತದ ವಿಷಯದಲ್ಲಿ. ಬಿಲ್ 4,00,000 ಇದೆ, ಕಂಟ್ರಾಕ್ಟರ್ ಖಾತೆಗೆ ಹೋಗಿರೋದು ಅದಕ್ಕಿಂತ ಕಮ್ಮಿ, ಉಳಿದಿದ್ದು ಎಲ್ಲಿ ಹೋಯ್ತು ಅಂತ ಗಲಾಟೆ ಶುರುವಾಗುತ್ತೆ. ಬಿಲ್ಲಿಂದ ಕಾರ್ಮಿಕ ಸೆಸ್ 1%, ಅಂದ್ರೆ ಇಲ್ಲಿ 4,000, ಇನ್‌ಕಮ್ ಟ್ಯಾಕ್ಸ್ ಟಿಡಿಎಸ್, ಜಿಎಸ್‌ಟಿ ಟಿಡಿಎಸ್, ಜಲ್ಲಿ ಮರಳಿಗೆ ರಾಯಲ್ಟಿ, ಭದ್ರತಾ ಠೇವಣಿ ಇವೆಲ್ಲ ಕಡಿತ ಆಗಿರುತ್ತೆ, ಅವಕ್ಕೆ ಬೇರೆ ಬೇರೆ ವೋಚರ್ ಇರಬಹುದು. ಅದಕ್ಕೇ ಒಟ್ಟು, ಕಡಿತ, ನಿವ್ವಳ ಮೂರೂ ಕಾಲಂ. ಮೂರೂ ಇಟ್ಟು ಒಟ್ಟಲ್ಲಿ ಕಡಿತ ಕಳೆದ್ರೆ ನಿವ್ವಳ ಬರುತ್ತಾ ನೋಡಿ, ಬರದೇ ಇರೋ ಸಾಲು ಮಾತ್ರ ಪ್ರಶ್ನೆ ಕೇಳಬೇಕಾದ ಸಾಲು. ಊರಿನ ಒಬ್ಬ ಮನುಷ್ಯನ ಮೇಲೆ ಕಳ್ಳ ಅನ್ನೋ ಹೆಸರು ಬರೋ ವಿಷಯ ಇದು, ಒಂದು ಕಡಿತದ ಲೆಕ್ಕ ಗೊತ್ತಿಲ್ದೆ ಹಾಗಾಗಬಾರದು.

ಇನ್ನೆರಡು ಗೊಂದಲ. ಮುಂದುವರಿದ ಕಾಮಗಾರಿ: ಹೋದ ವರ್ಷ ಶುರುವಾಗಿ ಈ ವರ್ಷ ಬಿಲ್ ಆಗಿದ್ರೆ ಎರಡೂ ವರ್ಷದ ಕ್ರಿಯಾ ಯೋಜನೇಲಿ ಬರುತ್ತೆ, ಎರಡು ಕೆಲಸ ಅಂತ ಎಣಿಸಬೇಡಿ. ಒಗ್ಗೂಡಿಸಿದ ಕಾಮಗಾರಿ: ಕೂಲಿ ನರೇಗಾದಿಂದ, ಉಳಿದಿದ್ದು ಹಣಕಾಸು ಆಯೋಗದಿಂದ ಅಂತ ಒಂದೇ ಕೆಲಸಕ್ಕೆ ಎರಡು ಕಡೆ ದುಡ್ಡು ಬಂದಿರುತ್ತೆ, ಅದು ನಿಯಮದ ಪ್ರಕಾರವೇ ಇರಬಹುದು. ಆದ್ರೆ ಒಂದೇ ಅಳತೆಗೆ ಎರಡೂ ಕಡೆ ಪೂರ್ತಿ ಬಿಲ್ ಆಗಿದ್ರೆ ಅದು ಬೇರೆ ಕಥೆ, ಅದು ಗೊತ್ತಾಗೋದು ಎರಡೂ ಎಂ-ಬುಕ್ ಪಕ್ಕ ಪಕ್ಕ ಇಟ್ಟಾಗ ಮಾತ್ರ.

ಹಂತ 6: ಟೇಪ್ ಹಿಡ್ಕೊಂಡು ಹೋಗಿ

ಎಲ್ಲಾ ಕಾಮಗಾರಿ ಬೇಡ, ದೊಡ್ಡ ಮೊತ್ತದ ಕೆಲವನ್ನ ಆರಿಸ್ಕೊಳಿ. ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಇರುತ್ತೆ. 100 ಮೀಟರ್ ಉದ್ದ, 3 ಮೀಟರ್ ಅಗಲ, 0.1 ಮೀಟರ್ ದಪ್ಪದ ಸಿಸಿ ರಸ್ತೆ ಅಂದ್ರೆ 30 ಘನ ಮೀಟರ್ ಕಾಂಕ್ರೀಟ್, ಅಂದಾಜು ಪಟ್ಟೀಲಿರೋ ಎಸ್‌ಆರ್ ದರದಿಂದ (ಸರ್ಕಾರಿ ದರಪಟ್ಟಿಯ ದರ) ಗುಣಿಸಿದ್ರೆ ಆ ಐಟಂನ ಮೊತ್ತ ಬರುತ್ತೆ. ಉದ್ದ ಅಗಲ ನೀವೇ ಅಳೀಬಹುದು, ದಪ್ಪ ಅಂಚಲ್ಲಿ ಕಂಡಷ್ಟು ಮಾತ್ರ, ಅಡಿ ಬೆಡ್ ಕಾಂಕ್ರೀಟ್ ಇದೆಯೋ ಇಲ್ವೋ ನಿಮಗೆ ಕಾಣಲ್ಲ, ಅದರ ಬಗ್ಗೆ ತೀರ್ಪು ಕೊಡಬೇಡಿ. ನಿಮ್ಮ ಅಳತೆನ ಬೇರೆ ಕಾಲಂನಲ್ಲಿ "ಸ್ಥಳದಲ್ಲಿ ಅಳೆದದ್ದು" ಅಂತ ತಾರೀಖಿನ ಜೊತೆ ಬರೀರಿ, ದಾಖಲೆ ಅಂಕೀನ ಮಾತ್ರ ಮುಟ್ಟಬೇಡಿ. ಫೋಟೋ ತೆಗೆಯೋವಾಗ ಲೊಕೇಶನ್ ಆನ್ ಇರಲಿ, ನಾಮಫಲಕ ಇದ್ರೆ ಅದರದ್ದೂ ಒಂದು, ಫಲಕದ ಮೊತ್ತಕ್ಕೂ ವೋಚರ್‌ಗೂ ತಾಳೆ ನೋಡಿ.

ಹಂತ 7: ಯಾವುದನ್ನ ಹಾಕಬಾರದು

ಆಧಾರ್, ಬ್ಯಾಂಕ್ ಖಾತೆ, ಮೊಬೈಲ್ ನಂಬರ್, ಸಹಿ ಇವನ್ನ ಪ್ರತಿ ಸ್ಕ್ಯಾನಲ್ಲೂ ಮುಚ್ಚಿ. ಪಿಡಿಎಫ್ ಮೇಲೆ ಕಪ್ಪು ಡಬ್ಬ ಇಟ್ರೆ ಕೆಳಗಿನ ಅಕ್ಷರ ಹಾಗೇ ಉಳಿದಿರುತ್ತೆ, ಮುಚ್ಚಿದ ಮೇಲೆ ಅದನ್ನ ಇಮೇಜ್ ಮಾಡಿ ಮತ್ತೆ ಪಿಡಿಎಫ್ ಮಾಡಿ. ಕೂಲಿ ಮಾಡಿದೋರ ಹೆಸರು ಸರ್ಕಾರಿ ಸೈಟಲ್ಲಿ ಇದ್ರೂ ನಿಮ್ಮ ಶೀಟಲ್ಲಿ ಬೇಡ, ಎಷ್ಟು ಮಾನವ ದಿನ, ಒಟ್ಟು ಕೂಲಿ ಎಷ್ಟು ಅಂದ್ರೆ ಸಾಕು. ಮನೆ, ಶೌಚಾಲಯದ ಫಲಾನುಭವಿಗಳದ್ದೂ ಅಷ್ಟೇ, ಬಡವರ ಮನೆ ವಿವರ ಊರೆಲ್ಲಾ ಹರಡೋದು ನಮ್ಮ ಉದ್ದೇಶ ಅಲ್ಲ. ಕಂಟ್ರಾಕ್ಟರ್, ಸಪ್ಲೈಯರ್ ಹೆಸರು ಮಾತ್ರ ವೋಚರಲ್ಲಿ ಇದ್ದ ಹಾಗೇ ಇರಲಿ, ಅದು ಸಾರ್ವಜನಿಕ ಹಣದ ವ್ಯವಹಾರ. 2023ರ ಡಿಪಿಡಿಪಿ (ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ) ಕಾಯ್ದೆ ಆರ್‌ಟಿಐನ 8(1)(ಜೆ) ತಿದ್ದಿ ವೈಯಕ್ತಿಕ ಮಾಹಿತಿ ಅನ್ನೋ ನೆಪಕ್ಕೆ ಜಾಗ ಜಾಸ್ತಿ ಮಾಡಿದೆ, ಬಿಲ್ಲನ್ನೂ ವೈಯಕ್ತಿಕ ಅಂತ ನಿರಾಕರಿಸಿದ್ರೆ 8(2) ಅಡಿ ಸಾರ್ವಜನಿಕ ಹಿತಾಸಕ್ತಿ ಇದೆ ಅಂತ ಮೇಲ್ಮನವೀಲಿ ಬರೀರಿ.

ಹಂತ 8: ಪ್ರಕಟಿಸೋದು

ಹಾಕೋ ಮುಂಚೆ ಒಂದು ಕಾಪಿ ಪಿಡಿಒಗೆ, ಅಧ್ಯಕ್ಷರಿಗೆ ಕೊಟ್ಟು ತಪ್ಪಿದ್ರೆ ಹೇಳಿ ಅಂತ ಒಂದು ವಾರ ಟೈಮ್ ಕೊಡಿ. ಇದು ಪರ್ಮಿಷನ್ ಕೇಳೋದಲ್ಲ, ಆದ್ರೆ ಅವರ ಉತ್ತರದಿಂದ ಎಷ್ಟೋ ಖಾಲಿ ಸೆಲ್ ತುಂಬುತ್ತೆ, ಅವರು ಕೊಟ್ಟ ವಿವರಣೆನ ಶೀಟಲ್ಲೇ ಒಂದು ಕಾಲಂ ಮಾಡಿ ಹಾಕಿ.

ಶೀಟ್‌ಗೆ ಗೂಗಲ್ ಶೀಟ್ ಸಾಕು, ಲಿಂಕ್ ಇರೋರೆಲ್ಲ ನೋಡಬಹುದು, ಯಾರೂ ತಿದ್ದೋಕೆ ಆಗಬಾರದು ಅಂತ ಸೆಟ್ಟಿಂಗ್ ಮಾಡಿ. ಸ್ಕ್ಯಾನ್‌ಗಳನ್ನ ಇಂಟರ್ನೆಟ್ ಆರ್ಕೈವ್‌ಗೆ ಹಾಕಿ, ಫ್ರೀ, ನಿಮ್ಮ ಡ್ರೈವ್ ತುಂಬಿದ್ರೂ ಅಲ್ಲಿ ಉಳಿಯುತ್ತೆ. ಸಿಎಸ್‌ವಿ ಕಾಪಿನೂ ಕೊಡಿ, ಎಕ್ಸೆಲಲ್ಲಿ ತೆರೆದಾಗ ಕನ್ನಡ ಕೆಟ್ಟು ಕಾಣಿಸಿದ್ರೆ ಎಕ್ಸೆಲ್ ಆ ಫೈಲನ್ನ ಯುಟಿಎಫ್-8 (ಯೂನಿಕೋಡ್ ಅಕ್ಷರ ಉಳಿಸೋ ರೀತಿ) ಅಂತ ಓದಿಲ್ಲ ಅಂತ ಅರ್ಥ. ಮೊದಲ ಟ್ಯಾಬಲ್ಲಿ ಇದು ಯಾವ ವರ್ಷದ್ದು, ಯಾವ ಅನುದಾನ, ಎಲ್ಲಿಂದ ತಗೊಂಡಿದ್ದು, ಯಾವ ಕಾಗದ ಸಿಕ್ಕಿಲ್ಲ, ಕಾಲಂಗಳ ಅರ್ಥ ಏನು, ತಪ್ಪಿದ್ರೆ ಎಲ್ಲಿಗೆ ತಿಳಿಸ್ಬೇಕು ಅಂತ ಬರೀರಿ. ಭ್ರಷ್ಟಾಚಾರ, ಲೂಟಿ ಅನ್ನೋ ಪದ ಶೀಟಲ್ಲಿ ಎಲ್ಲೂ ಬೇಡ. ಅಂದಾಜು ಇಷ್ಟು, ಬಿಲ್ ಇಷ್ಟು, ಸ್ಥಳದಲ್ಲಿ ಇಷ್ಟು, ಓದೋರಿಗೆ ಗೊತ್ತಾಗುತ್ತೆ.

ಹಂತ 9: ಊರಿಗೆ ಮುಟ್ಟಿಸೋದು, ಆಮೇಲೆ ನಡೆಸ್ಕೊಂಡು ಹೋಗೋದು

ಲಿಂಕ್ ಕಳಿಸಿದ್ರೆ ಹೆಚ್ಚಿನೋರು ತೆರೆಯಲ್ಲ. ವಾರ್ಡ್‌ಗೆ ಒಂದು ಚಿತ್ರ ಮಾಡಿ, ಐದಾರು ಕಾಮಗಾರಿ, ಜಾಗ, ಮೊತ್ತ, ದೊಡ್ಡ ಅಕ್ಷರದಲ್ಲಿ, ಅದನ್ನ ಆ ವಾರ್ಡಿನ ವಾಟ್ಸಾಪ್ ಗ್ರೂಪಿಗೆ ಹಾಕಿ. ಕ್ಯೂಆರ್ ಕೋಡ್ ಪ್ರಿಂಟ್ ಮಾಡಿ ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟ್ಯಾಂಡಲ್ಲಿ ಅಂಟಿಸಿ. ಓದೋಕೆ ಬರದೇ ಇರೋರಿಗೆ ವಾರ್ಡ್ ಸಭೆ, ಗ್ರಾಮ ಸಭೇಲಿ ಜೋರಾಗಿ ಓದಿ ಹೇಳಿ. ಯಾರಾದ್ರೂ ಎದ್ದು ನಿಂತು ಆ ಮೋರಿ ಅಲ್ಲಿಲ್ಲವಲ್ಲ ಅಂದ್ರೆ ಆ ಮಾತು ಸಭೆಯ ನಡಾವಳಿ ಪುಸ್ತಕದಲ್ಲಿ ದಾಖಲಾಗೋ ತನಕ ಅಲ್ಲೇ ಇರಿ, ಮುಂದೆ ತಾಲೂಕು ಪಂಚಾಯ್ತಿಗೋ ದೂರು ವಿಚಾರಿಸೋ ಒಂಬುಡ್ಸ್‌ಮನ್‌ಗೋ ಬರೆಯೋವಾಗ ಆ ನಡಾವಳಿ ಕಾಪಿನೇ ಆಧಾರ.

ತಪ್ಪು ತೋರಿಸಿದ್ರೆ ಅದೇ ದಿನ ತಿದ್ದಿ, ಏನು ತಿದ್ದಿದ್ರಿ ಅಂತ ಕೊನೇ ಟ್ಯಾಬಲ್ಲಿ ತಾರೀಖು ಸಮೇತ ಬರೀರಿ. ಖಾತೆ ಪಾಸ್‌ವರ್ಡ್ ಇಬ್ಬರ ಹತ್ರ ಇರಲಿ, ಒಬ್ಬರು ಬೆಂಗಳೂರಿಗೆ ಕೆಲಸಕ್ಕೆ ಹೋದ್ರೆ ಎಲ್ಲಾ ನಿಂತೋಗಬಾರದು. ಏಪ್ರಿಲಲ್ಲಿ ಹೊಸ ವರ್ಷದ ಟ್ಯಾಬ್ ತೆಗೀರಿ, ಕ್ರಿಯಾ ಯೋಜನೆ ಪೋರ್ಟಲ್‌ಗೆ ಬಂದ ತಕ್ಷಣ ಕಾಮಗಾರಿ ಸಾಲುಗಳನ್ನ ಮೊದಲೇ ತುಂಬಿಡಿ, ಆಮೇಲೆ ತಿಂಗಳಿಗೊಂದು ಸಲ ವೋಚರ್ ಸೇರಿಸ್ತಾ ಹೋಗಿ. ಹಾಗೆ ಮಾಡಿದ್ರೆ ಕೆಲಸ ಶುರುವಾಗೋ ಮುಂಚೇನೇ ಅದರ ಅಂದಾಜು ಮೊತ್ತ ಊರಿನೋರ ಮೊಬೈಲಲ್ಲಿ ಇರುತ್ತೆ, ಜಲ್ಲಿ ಲಾರಿ ಬಂದು ನಿಂತಾಗ ಅಳತೆ ಎಷ್ಟು ಅಂತ ಕೇಳೋಕೆ ಮಾರ್ಚ್ ಮುಗಿಯೋವರೆಗೆ ಕಾಯಬೇಕಾಗಲ್ಲ.